ಸಂಜೆ ಐದೂವರೆಯ ಹಾಡಿನವರಿಗೆ ಥ್ಯಾಂಕ್ಸ್

ಮಗಳು ಈ ಜುಲೈಗೆ ಇಂಗ್ಲೆಂಡಿನ ಸಾಲಿಸ್‌ಬರಿ ಕಥೀಡ್ರಲ್‌ನ (ಬಿಷಪ್ಪರ ದೊಡ್ಡ ಚರ್ಚು) ಹುಡುಗಿಯರ ಕ್ವಾಯರ್, ಅಂದರೆ ಹಾಡುವ ತಂಡದಲ್ಲಿ ತನ್ನ ಕಾಲ ಮುಗಿಸಿದಳು. 13 ವರ್ಷ ಆಯ್ತು, ಶಾಲೆ ಬದಲಾಗುತ್ತೆ, ಚಿಕ್ಕವರಿಗೆ ಜಾಗ ಬಿಡಬೇಕು. 2020ರ ಸೆಪ್ಟೆಂಬರ್‌ನಲ್ಲಿ ಸೇರಿದ್ದಳು. ಇಲ್ಲಿಯವರಿಗೆಲ್ಲ ಇಂಗ್ಲಿಷ್‌ನಲ್ಲಿ ಕಾರ್ಡ್ ಬರೆದು ಕೊಟ್ಟಾಯಿತು. ಕನ್ನಡದಲ್ಲಿ ಬರೆಯುವುದು ಬಾಕಿ ಇತ್ತು, ಯಾಕೆಂದರೆ ಇದನ್ನು ಓದಬೇಕಾದ ಅರ್ಧ ಜನ ಶಿವಮೊಗ್ಗದಲ್ಲಿದ್ದಾರೆ.

ಗೊತ್ತಿಲ್ಲದವರಿಗೆ ಮೊದಲು ಒಂದೆರಡು ಮಾತು. ಈ ಕ್ವಾಯರ್ ಹಾಡುವುದು ಈವನ್‌ಸಾಂಗ್‌ಗೆ, ಅಂದರೆ ಆಂಗ್ಲಿಕನ್ (ಇಂಗ್ಲೆಂಡಿನ) ಚರ್ಚಿನ ಸಂಜೆಯ ಪ್ರಾರ್ಥನೆಗೆ. ಮುಕ್ಕಾಲು ಗಂಟೆಯಲ್ಲಿ ಮುಗಿಯುತ್ತೆ, ಹೆಚ್ಚಿನದನ್ನೆಲ್ಲ ಹಾಡಿಯೇ ಹೇಳುತ್ತಾರೆ. 1549ರಲ್ಲಿ ಆರ್ಚ್‌ಬಿಷಪ್ ಥಾಮಸ್ ಕ್ರಾನ್ಮರ್ ಹಳೆಯ ಲ್ಯಾಟಿನ್ ಪದ್ಧತಿಯ ಎರಡು ಸಂಜೆ ಪ್ರಾರ್ಥನೆಗಳನ್ನು ಸೇರಿಸಿ ಇಂಗ್ಲಿಷ್‌ನಲ್ಲಿ ಒಂದು ಮಾಡಿ ‘ಬುಕ್ ಆಫ್ ಕಾಮನ್ ಪ್ರೇಯರ್’ ಅನ್ನುವ ಪ್ರಾರ್ಥನಾ ಪುಸ್ತಕದಲ್ಲಿ ಇಟ್ಟ. ಅವನ ಮುಂದಿದ್ದ ಲ್ಯಾಟಿನ್ ಕ್ರಮಗಳಲ್ಲಿ ಮುಖ್ಯವಾದದ್ದು ಇದೇ ಸಾಲಿಸ್‌ಬರಿಯದ್ದು. 1645ರಲ್ಲಿ, ರಾಜನ ವಿರುದ್ಧ ಯುದ್ಧಕ್ಕಿಳಿದಿದ್ದ ಪಾರ್ಲಿಮೆಂಟು ಆ ಪುಸ್ತಕವನ್ನೇ ನಿಷೇಧಿಸಿತು. ರಾಜರ ಆಳ್ವಿಕೆ ವಾಪಸ್ ಬಂದ ಮೇಲೆ 1662ರಲ್ಲಿ ತಿದ್ದಿ ಮತ್ತೆ ತಂದರು. ಮಗಳು ಹಾಡಿದ ಮಾತುಗಳು ಹೆಚ್ಚುಕಡಿಮೆ ಅವೇ.

ಇದು ಕಛೇರಿ ಅಲ್ಲ. ಟಿಕೆಟ್ ಇಲ್ಲ, ಚಪ್ಪಾಳೆ ಇಲ್ಲ. ಜನವರಿಯ ಮಳೆಯಲ್ಲಿ, ಮಂಗಳವಾರ ಸಂಜೆ, ಬಂದವರನ್ನು ಬೆರಳಲ್ಲಿ ಎಣಿಸಬಹುದು. ಆದರೂ ಕ್ರಿಸ್‌ಮಸ್ ದಿನ ಹೇಗೆ ಹಾಡುತ್ತಾರೋ ಹಾಗೇ ಹಾಡುತ್ತಾರೆ. ನಾನು ಮೊದಮೊದಲು ಸುಮ್ನೆ ಮಗಳನ್ನು ಕರೆದುಕೊಂಡು ಹೋಗಲು ಬಂದವಳು. ಆಮೇಲೆ ಕೆಲಸ ಬೇಗ ಮುಗಿಸಿ ಓಡಿ ಬರುವುದು ಅಭ್ಯಾಸವೇ ಆಯಿತು. ಯಾರೂ ಇಲ್ಲದಾಗಲೂ ಚೆನ್ನಾಗಿ ಹಾಡುವುದನ್ನು ಮಗಳಿಗೆ ನಾವು ಮನೆಯಲ್ಲಿ ಕಲಿಸಲು ಆಗುತ್ತಿರಲಿಲ್ಲ. ಕಲಿಸಿದವರು ನೀವು. ನನ್ನ ಮೊದಲ ಥ್ಯಾಂಕ್ಸ್ ಅದಕ್ಕೆ.

ಕ್ವಾಯರ್‌ನ ಗಂಡಸರಿಗೆ ಇಲ್ಲಿ ಲೇ ವಿಕಾರ್ ಅಂತ ಹೆಸರು. ಒಟ್ಟು 6 ಜನ. ಆಲ್ಟೊ, ಟೆನರ್, ಬೇಸ್ ಅನ್ನುವ ಕೆಳಗಿನ ಸ್ವರಗಳು ಇವರ ಪಾಲು, ಮೇಲಿನ ಸ್ವರ ಮಕ್ಕಳದ್ದು. ಹುಡುಗರು ಒಂದು ಸಂಜೆ ಹಾಡಿದರೆ ಹುಡುಗಿಯರು ಇನ್ನೊಂದು ಸಂಜೆ. ಗಂಡಸರಿಗೆ ಮಾತ್ರ ಆ ಬಿಡುವಿಲ್ಲ. ಇವರ ನಡುವೆ ನಿಂತೇ ಮಗಳು ಕೀರ್ತನೆ, ಅಂದರೆ ಬೈಬಲ್‌ನ ಸಾಮ್‌ಗಳನ್ನು, ಹಾಡಲು ಕಲಿತಳು. ಕೀರ್ತನೆಯ ಪ್ರತಿ ಸಾಲಿನ ನಡುವೆ ಒಂದು ಸಣ್ಣ ನಿಲುಗಡೆ ಇರುತ್ತೆ. ಎಷ್ಟು ಹೊತ್ತು ನಿಲ್ಲಬೇಕು ಅಂತ ಎಲ್ಲೂ ಬರೆದಿಲ್ಲ. ಕಟ್ಟಡದ ಪ್ರತಿಧ್ವನಿ ಅಡಗಬೇಕು, ಪಕ್ಕದವಳು ಉಸಿರು ತೆಗೆದುಕೊಳ್ಳಬೇಕು, ಎದುರು ಸಾಲಿನವರೂ ಅದೇ ಕ್ಷಣಕ್ಕೆ ಶುರು ಮಾಡಬೇಕು. ಮಗಳ ಪುಸ್ತಕದ ತುಂಬ ಪೆನ್ಸಿಲ್ ಗುರುತು: ಇಲ್ಲಿ ಉಸಿರು ಬೇಡ, ಇಲ್ಲಿ ಮೆಲ್ಲಗೆ, ಇಲ್ಲಿ ಮೇಲೆ ನೋಡು. ಒಂದು ಕಡೆ ಯಾರದೋ ಅಕ್ಷರದಲ್ಲಿ ‘ನಗಬೇಡ’ ಅಂತ ಇಂಗ್ಲಿಷ್‌ನಲ್ಲಿ ಬರೆದಿತ್ತು. ಯಾಕೆ ಅಂತ ಕೇಳಿದರೆ ಹೇಳಲಿಲ್ಲ.

ಆ ಹಳೆಯ ಪ್ರಾರ್ಥನಾ ಪುಸ್ತಕದ ಲೆಕ್ಕದಲ್ಲಿ 150 ಕೀರ್ತನೆಗಳನ್ನು ತಿಂಗಳ 30 ದಿನಕ್ಕೆ ಹಂಚಿದ್ದಾರೆ. 15ನೇ ತಾರೀಖಿನ ಸಂಜೆಗೆ ಬಂದಿರುವುದು 78ನೇ ಕೀರ್ತನೆ, 73 ವಚನ. ಪೂರ್ತಿ ಹಾಡಿದರೂ ಕತ್ತರಿಸಿ ಹಾಡಿದರೂ ಮಕ್ಕಳು ಗೊಣಗುವುದು ತಪ್ಪಲ್ಲ. ಈಗ ಕ್ಯಾಲೆಂಡರ್‌ನಲ್ಲಿ 15 ಕಂಡರೆ ನನಗೂ ಅದೇ ನೆನಪಾಗುತ್ತೆ!

ಎರಡು ಗೀತೆ ಮಾತ್ರ ದಿನಾ ಇರುತ್ತವೆ. ಎರಡೂ ಬೈಬಲ್‌ನ ಲೂಕನ ಸುವಾರ್ತೆಯವು. ಒಂದು ಯೇಸುವಿನ ತಾಯಿ ಮರಿಯಳದ್ದು: ದೇವರು ಬಲಶಾಲಿಗಳನ್ನು ಗದ್ದುಗೆಯಿಂದ ಇಳಿಸಿದ, ದೀನರನ್ನು ಎತ್ತಿದ ಅಂತ ಒಬ್ಬ ಹುಡುಗಿ ಹಾಡುವುದು. ಇನ್ನೊಂದು ಮುದುಕ ಸಿಮೆಯೋನನದು: ಮಗು ಯೇಸುವನ್ನು ಕಣ್ಣಾರೆ ಕಂಡೆ, ಇನ್ನು ನೆಮ್ಮದಿಯಿಂದ ಹೋಗುತ್ತೇನೆ ಅಂತ. ನೂರಾರು ಜನ ಇವಕ್ಕೆ ರಾಗ ಹಾಕಿದ್ದಾರೆ. ನಮ್ಮ ಮನೆಯವರಿಗೆ ಸಂಗೀತ ರಚನೆಕಾರ ಸ್ಟ್ಯಾನ್‌ಫರ್ಡ್‌ನ ಜಿ ಮೇಜರ್ ಶ್ರುತಿಯದ್ದೇ ಬೇಕು. ಅದರಲ್ಲಿ ಆರ್ಗನ್ ರಾಟೆ ತಿರುಗಿದ ಹಾಗೆ ಓಡುತ್ತಿರುತ್ತೆ, ಮೇಲೆ ಒಂದೇ ಒಂದು ಮಗುವಿನ ದನಿ. ಸಿಮೆಯೋನನ ಪಾಳಿ ಬಂದಾಗ ಒಬ್ಬ ಬೇಸ್ ಗಾಯಕ. ಮಗಳಿಗೆ ಆ ಸೋಲೋ ಬಂದ ಸಂಜೆ ಅವಳ ಕೈ ತಣ್ಣಗಾಗಿತ್ತಂತೆ. ಸಾಲಲ್ಲಿ ಹಿಂದೆ ನಿಂತಿದ್ದ ಬೇಸ್ ಅಂಕಲ್ ಬಗ್ಗಿ, "ನೀನು ನಡುವೆ ಹಾಡು ನಿಲ್ಲಿಸಿದರೆ ನಾನು ಕೆಮ್ಮುತ್ತೇನೆ, ಎಲ್ಲರೂ ನನ್ನನ್ನೇ ನೋಡುತ್ತಾರೆ" ಅಂದರಂತೆ. ಅವಳು ನಿಲ್ಲಿಸಲಿಲ್ಲ, ಅವರು ಕೆಮ್ಮಲಿಲ್ಲ. ಅಂಕಲ್, ನಿಮಗೆ ಕನ್ನಡ ಬರಲ್ಲ, ಆದರೂ ಈ ಸಾಲು ನಿಮಗೇ.

ರಿಚರ್ಡ್ ಸೀಲ್ ಅವರಿಗೂ ನಾವು ಋಣಿಗಳು. ಈ ಕಥೀಡ್ರಲ್‌ಗಳಲ್ಲಿ ಶತಮಾನಗಟ್ಟಲೆ ಹಾಡಿದ್ದು ಹುಡುಗರೇ. ಸೀಲ್ ಇಲ್ಲಿ ಸಂಗೀತದ ಮುಖ್ಯಸ್ಥರಾಗಿದ್ದಾಗ, 1991ರಲ್ಲಿ, ಹುಡುಗಿಯರದ್ದೇ ಕ್ವಾಯರ್ ಕಟ್ಟಿದರು. ಸಂಪ್ರದಾಯ ಹಾಳಾಯ್ತು ಅಂತ ಆಗ ಗಲಾಟೆ ಮಾಡಿದವರಿದ್ದರು. ಮರಿಯಳ ಹಾಡನ್ನು ಹುಡುಗಿಯರು ಹಾಡಬಾರದು ಅನ್ನುವುದು ಎಂಥ ವಾದವೋ, ನನಗಂತೂ ಅರ್ಥವಾಗಲಿಲ್ಲ.

ಸೇರಿದ ವರ್ಷ ಕೋವಿಡ್. ಮಕ್ಕಳು ದೂರ ದೂರ ನಿಂತು ಹಾಡಬೇಕಿತ್ತು, ಪಕ್ಕದವಳ ಉಸಿರು ಕೇಳಿಸುವುದು ಎಲ್ಲಿಂದ? 2021ರ ಜನವರಿಯಲ್ಲಿ ಕಥೀಡ್ರಲ್ಲೇ ಲಸಿಕೆ ಕೇಂದ್ರವಾಯಿತು. ವಯಸ್ಸಾದವರು ಕಂಬಗಳ ನಡುವೆ ಕೂತು ಸೂಜಿ ಹಾಕಿಸಿಕೊಳ್ಳುತ್ತಿದ್ದರೆ ಆರ್ಗನ್ ವಾದಕರು ಅವರಿಗಾಗಿ ನುಡಿಸುತ್ತಿದ್ದರು. 1877ರ ಆರ್ಗನ್ ಅದು. ಪಕ್ಕದ ಮನೆಯ ಅಜ್ಜಿ ಲಸಿಕೆ ಹಾಕಿಸಿಕೊಂಡು ಬಂದವರು ತೋಳು ನೋವಿನ ಸುದ್ದಿಯನ್ನೇ ಎತ್ತಲಿಲ್ಲ, ಏನು ನುಡಿಸಿದರು ಅಂತಲೇ ಹೇಳುತ್ತಿದ್ದರು. ಹೊಸಬರಾದ ನಮಗೆ ಆ ಚಳಿಗಾಲ ಧೈರ್ಯ ಕೊಟ್ಟಿದ್ದು ಇಂಥ ಸಂಗತಿಗಳೇ.

ಊರಿನ ವಾಟ್ಸಾಪ್ ಗ್ರೂಪಿನಲ್ಲಿ ಒಬ್ಬರು ಕೇಳಿದರು, "ಏನು, ಮತಾಂತರ ಆದ್ರಾ?" ಇಲ್ಲಿ ಯಾರೂ ನಮಗೆ ಅಂಥ ಪ್ರಶ್ನೆ ಕೇಳಲಿಲ್ಲ. ಕ್ರೀಡ್ ಹೇಳುವಾಗ, ಅಂದರೆ ನಂಬಿಕೆಯ ಘೋಷಣೆ ಹೊತ್ತಿಗೆ, ಬಾಯಿ ಸೇರಿಸಬೇಕೋ ಬೇಡವೋ ಅನ್ನುವುದನ್ನು ಮಗಳಿಗೇ ಬಿಟ್ಟಿದ್ದೆವು. ಅವಳು ಏನು ಮಾಡಿದಳು ಅಂತ ನಾವೂ ಕೇಳಿಲ್ಲ. ಗ್ರೂಪಿನವರಿಗೆ ಉತ್ತರ ಕೊಟ್ಟಿದ್ದು ನಮ್ಮತ್ತೆ. "ದೀಪ ಹಚ್ಚೋ ಹೊತ್ತಿಗೆ ಮಗು ದೇವರ ಹಾಡು ಹೇಳ್ತಾಳೆ. ಅದಕ್ಕೆ ನಿಮ್ಮದೇನು?" ಅಂತ ವಾಯ್ಸ್ ಮೆಸೇಜ್ ಹಾಕಿದರು. ಮತ್ತೆ ಯಾರೂ ಆ ಸುದ್ದಿ ತೆಗೆಯಲಿಲ್ಲ. ಪ್ರಾರ್ಥನೆಯಲ್ಲಿ ನಮ್ಮ ಕತ್ತಲೆಯನ್ನು ಬೆಳಗು, ಈ ರಾತ್ರಿಯ ಅಪಾಯಗಳಿಂದ ಕಾಪಾಡು ಅಂತ ಬೇಡುವ ಒಂದು ಭಾಗ ಬರುತ್ತೆ. ಅದರ ಅರ್ಥ ಹೇಳಿದ ಮೇಲೆ ಅತ್ತೆ ಫೋನ್ ಮಾಡಿದಾಗಲೆಲ್ಲ ಮೊಮ್ಮಗಳ ಬಾಯಲ್ಲಿ ಅದನ್ನೇ ಹೇಳಿಸುತ್ತಿದ್ದರು. ಅತ್ತೆ, ನೀವು ಬೆನ್ನಿಗೆ ನಿಲ್ಲದಿದ್ದರೆ ನಾವು ಮೊದಲ ವರ್ಷವೇ ಹಿಂಜರಿಯುತ್ತಿದ್ದೆವೇನೋ.

ಇನ್ನು ಬಟ್ಟೆ ರಿಪೇರಿ ಮಾಡಿ ಕೊಟ್ಟವರು, ಮಳೆಯಲ್ಲಿ ನೆನೆದು ಬಂದ ನನಗೆ ಮಾತಿಲ್ಲದೆ ಜಾಗ ತೋರಿಸಿದ ವರ್ಜರ್ (ಚರ್ಚಿನೊಳಗಿನ ವ್ಯವಸ್ಥೆ ನೋಡಿಕೊಳ್ಳುವವರು), ಬೆಳಿಗ್ಗೆ ಪ್ರಾಕ್ಟೀಸ್‌ಗೆ ಸರದಿಯಲ್ಲಿ ಕಾರು ತಂದ ಇತರ ಅಪ್ಪ ಅಮ್ಮಂದಿರು, ಎಲ್ಲರಿಗೂ ಥ್ಯಾಂಕ್ಸ್. ಮಗಳ ಜಾಗಕ್ಕೆ ಬರುವ ಪುಟ್ಟ ಹುಡುಗಿಗೆ ಅವಳ ಪೆನ್ಸಿಲ್ ಗುರುತುಗಳು ಸಿಗುತ್ತವೆ, ‘ನಗಬೇಡ’ ಸಮೇತ.

ಕೊನೆಗೆ ಕನ್ನಡದವರಿಗೆ ಒಂದು ಮಾತು. ಸ್ಟೋನ್‌ಹೆಂಜ್ ನೋಡಲು ಲಂಡನ್‌ನಿಂದ ರೈಲಿನಲ್ಲಿ ಬರುವವರು ಸಾಲಿಸ್‌ಬರಿಯಲ್ಲೇ ಇಳಿಯುತ್ತೀರಿ. ವಾಪಸ್ ಹೋಗುವ ಅವಸರದಲ್ಲಿ ಈ ಈವನ್‌ಸಾಂಗ್ ಬಿಡಬೇಡಿ. ಕಥೀಡ್ರಲ್‌ನ ವೆಬ್‌ಸೈಟ್‌ನಲ್ಲಿ ಆ ದಿನದ ಸಮಯ ನೋಡಿಕೊಳ್ಳಿ, ಸ್ವಲ್ಪ ಮುಂಚೆ ಬನ್ನಿ, ಹಾಡುವವರ ಹತ್ತಿರ ಸೀಟು ಸಿಗಬಹುದು. ದುಡ್ಡು ಕೊಡಬೇಕಿಲ್ಲ. ಯಾವಾಗ ಏಳಬೇಕು, ಯಾವಾಗ ಕೂರಬೇಕು ಅಂತ ಗೊತ್ತಾಗದಿದ್ದರೆ ಮುಂದಿನವರನ್ನು ನೋಡಿ ಮಾಡಿ. ನಾವೂ ಹಾಗೇ ಕಲಿತದ್ದು.