ತುಂಬಿಸಿಕೊಂಡು ಓಡಿಸಬೇಡ ಪುಟ್ಟಿ

ಚಿ. ಪುಟ್ಟಿಗೆ ದೊಡ್ಡಪ್ಪನ ಆಶೀರ್ವಾದ.

ನಿನ್ನ ಪತ್ರ ಬಂತು. ಮಿಕ್ಕ ವಿಷಯಕ್ಕೆಲ್ಲ ನಿನ್ನ ದೊಡ್ಡಮ್ಮ ಬರೆಯುತ್ತಾಳೆ. ಕೊನೆಯಲ್ಲಿ "ಕಾರಿನ ಕೆಳಗಿನ ಬ್ರೇಕ್ ಪೈಪಿಗೆ ತುಕ್ಕು ಹಿಡಿದಿದೆಯಂತೆ, ಬ್ರೇಕ್ ಆಯಿಲ್ ಆಗಾಗ ಕಡಿಮೆ ಆಗತ್ತೆ, ತುಂಬಿಸಿಕೊಂಡು ಓಡಿಸ್ತಿದೀನಿ" ಅಂತ ಒಂದು ಸಾಲು ಸೇರಿಸಿದ್ದೀಯಲ್ಲ, ಅದನ್ನು ಓದಿದ ಮೇಲೆ ನನಗೆ ನಿದ್ದೆ ಹತ್ತಲಿಲ್ಲ.

ಆ ಆಯಿಲ್ ಎಲ್ಲಿಗೆ ಹೋಗುತ್ತಿದೆ ಪುಟ್ಟಿ? ಚಕ್ರವನ್ನು ಹಿಡಿದು ನಿಲ್ಲಿಸುವ ಬ್ರೇಕ್ ಪ್ಯಾಡ್ ಸವೆದ ಹಾಗೆ ಆಯಿಲ್ ಮಟ್ಟ ಇಳಿಯುವುದುಂಟು, ಆದರೆ ಅದು ತಿಂಗಳುಗಟ್ಟಲೆ ಹಿಡಿಯುವ ಸವಕಳಿ. ಮತ್ತೆ ಮತ್ತೆ ತುಂಬಿಸಬೇಕು ಅಂದರೆ ಎಲ್ಲೋ ಸೋರುತ್ತಿದೆ.

ನಾನು ಗಾಡಿಯನ್ನು ಗೋಡೆಗೆ ಗುದ್ದಿದ್ದು ಮನೆಮಂದಿಗೆಲ್ಲ ಗೊತ್ತು, ಬಿಡು. ಗೊತ್ತಿಲ್ಲದ್ದು ಏನೆಂದರೆ, ಅದಕ್ಕೆ ಮುಂಚೆ ಒಂದು ತಿಂಗಳು ನಾನೂ ತುಂಬಿಸಿಕೊಂಡೇ ಓಡಿಸಿದ್ದೆ. ಹಿಂದಿನ ಎಡ ಟೈರಿನ ಒಳಮೈ ಒದ್ದೆಯಾಗಿತ್ತು. ಮುಟ್ಟಿದರೆ ಬೆರಳಿಗೆ ಜಿಡ್ಡು. ಪ್ಯಾಂಟಿಗೆ ಒರೆಸಿಕೊಂಡು ಸುಮ್ಮನಾದೆ. ಆಮೇಲೆ ಆ ಇಳಿಜಾರಿನಲ್ಲಿ ಜೋರಾಗಿ ಒತ್ತಿದಾಗ ಪೆಡಲು ಕೆಸರಿಗೆ ಕಾಲಿಟ್ಟ ಹಾಗೆ ಮೆತ್ತಗೆ ಕೆಳಗಿಳಿಯಿತು. ಪೆಡಲು ಒತ್ತಿದಾಗ ಆಯಿಲನ್ನು ಪೈಪಿಗೆ ನೂಕುವ ಮಾಸ್ಟರ್ ಸಿಲಿಂಡರಿನಿಂದ ಆಯಿಲ್ ಎರಡು ಬೇರೆ ದಾರಿಯಲ್ಲಿ ಹೋಗುತ್ತದೆ. ಒಂದು ಹೋದರೂ ಇನ್ನೊಂದಿತ್ತು, ಅದಕ್ಕೇ ಗೋಡೆಗೆ ಮುಗಿಯಿತು. ಪಕ್ಕದಲ್ಲಿ ನಿಮ್ಮಪ್ಪ ಕೂತಿದ್ದ. "ಕಾಲು ಜಾರಿತು ಕಣೋ" ಅಂದೆ. ಇವತ್ತಿಗೂ ಅವನು ಅದನ್ನೇ ನಂಬಿದ್ದಾನೆ.

ಮಾರನೆಯ ದಿನ ಗಾಡಿಯ ಕೆಳಗೆ ಮಲಗಿ ನೋಡಿದೆ. ಬಯಲಿಗಿದ್ದ ಪೈಪೆಲ್ಲ ಬರೀ ಕಂದು. ಪೈಪನ್ನು ಹಿಡಿದಿಡುವ ಕ್ಲಿಪ್ಪಿನಡಿ ಮಾತ್ರ ಕೆಸರು ಕೂತು ಕೂತು ಮರದ ತೊಗಟೆಯ ಹಾಗೆ ಎದ್ದಿತ್ತು. ಉಗುರಿಗೆ ಚಕ್ಕೆ ಚಕ್ಕೆ ಬಂತು. 4.75 ಮಿ.ಮೀ. ಪೈಪು, ಪೆನ್ಸಿಲ್ಲಿಗಿಂತ ಸಣ್ಣದು. ಅದನ್ನು ನಂಬಿಕೊಂಡು ತಮ್ಮನನ್ನು ಕೂರಿಸಿಕೊಂಡು ಹೋಗಿದ್ದೆನಲ್ಲ!

ನಾನೇನು ಮೆಕ್ಯಾನಿಕ್ ಅಲ್ಲ, ನಿನಗೆ ಹೇಳಲು ಬಾಯೂ ಇಲ್ಲ. ಆದರೂ, ಒಡೆದಷ್ಟು ಕತ್ತರಿಸಿ ರಬ್ಬರ್ ಹೋಸ್ ತೂರಿಸಿ ಕ್ಲಾಂಪ್ ಬಿಗಿಯುತ್ತೇನೆ ಅಂತ ಯಾರಾದರೂ ಅಂದರೆ ಒಪ್ಪಬೇಡ, ಬ್ರೇಕಿನ ಒತ್ತಡಕ್ಕೆ ಅದು ನಿಲ್ಲುವುದಿಲ್ಲ. ಪೈಪೇ ಹೊಸದಾಗಲಿ, ತುದಿಯ ಫ್ಲೇರ್, ಅಂದರೆ ಜೋಡಣೆಗೆ ಅಗಲಿಸಿದ ಬಾಯಿ, ಹಳೆಯದರ ಆಕಾರದ್ದೇ ಇರಲಿ. ತಾಮ್ರ-ನಿಕ್ಕಲ್ ಬೆರೆತ ಪೈಪು ಸಿಕ್ಕರೆ ತುಕ್ಕಿನ ಕಾಟ ತಪ್ಪುತ್ತದೆ. ಬರೀ ತಾಮ್ರದ್ದು ಬೇಡ, ಅದುರಿ ಅದುರಿ ಬಿರುಕು ಬಿಡುತ್ತದೆ. ಒಂದು ಹೋಗಿದೆ ಅಂದರೆ ಮಿಕ್ಕವೂ ಅದೇ ವಯಸ್ಸಿನವು, ಅವನ್ನೂ ನೋಡಿಸು. ಆಮೇಲೆ ಪೈಪಿನೊಳಗೆ ಸೇರಿದ ಏರ್ ತೆಗೆಸುವುದು ಇದ್ದೇ ಇದೆ. ಮುಚ್ಚಳ ತೆರೆದಿಟ್ಟಿದ್ದ ಹಳೇ ಡಬ್ಬಿಯ ಆಯಿಲ್ ಹಾಕಿಸಬೇಡ, ಅದು ಗಾಳಿಯ ತೇವ ಹೀರಿರುತ್ತದೆ. ಇದೆಲ್ಲ ನಿನಗೇ ಗೊತ್ತಿರಬಹುದು.

ಗ್ಯಾರೇಜಿಗೂ ಓಡಿಸಿಕೊಂಡು ಹೋಗಬೇಡ, ಎಳೆಸಿಕೊಂಡು ಹೋಗು. ನಿಧಾನಕ್ಕೆ ಹೋಗ್ತೀನಿ ಅಂತೀಯ, ಗೊತ್ತು. ನಾನೂ ನಿಧಾನಕ್ಕೇ ಹೋಗುತ್ತಿದ್ದೆ.

ಪತ್ರ ಕೈಸೇರಿದ ಕೂಡಲೇ ನಾಲ್ಕೂ ಟೈರಿನ ಒಳಮೈ ಮುಟ್ಟಿ ನೋಡಿ ಬರೆ. ಒಣಗಿದ್ದರೂ ಬರೆ. ಕಾಲು ಜಾರಿದ ವಿಷಯ ನಿಮ್ಮಪ್ಪನಿಗೆ ನಾನೇ ಹೇಳುತ್ತೇನೆ, ಅಲ್ಲಿಯವರೆಗೆ ನೀನು ಬಾಯಿಬಿಡಬೇಡ.

ಇಂತಿ,
ನಿನ್ನ ದೊಡ್ಡಪ್ಪ