ಅಂಕಪಟ್ಟಿಯ ಕೊನೆಯ ಮೂರು ಸಾಲುಗಳೂ ಅಚ್ಚಾಗಲಿ

ಸಂಪಾದಕರಿಗೆ,

ಮಾನ್ಯರೇ,

ಇಂಗ್ಲೆಂಡಿನ ಅತ್ಯುನ್ನತ ದರ್ಜೆಯ ಫುಟ್ಬಾಲ್ ಸ್ಪರ್ಧೆಯಾದ ಪ್ರೀಮಿಯರ್ ಲೀಗಿಗೆ ಬಡ್ತಿ ಪಡೆದು ಬರುವ ತಂಡಗಳು ಹೇಗೆ ಆಡಬೇಕು ಎಂಬ ಬಗ್ಗೆ ತಮ್ಮ ಓದುಗರ ಅಂಕಣದಲ್ಲಿ ಕೆಲವು ವಾರಗಳಿಂದ ಬರುತ್ತಿರುವ ಪತ್ರಗಳನ್ನು ಒಂದನ್ನೂ ಬಿಡದೆ ಓದಿದ್ದೇನೆ. ಬರೆದವರಲ್ಲಿ ಹೆಚ್ಚಿನವರದು ಒಂದೇ ಅಭಿಪ್ರಾಯ. ಕೆಳಗಿನ ದರ್ಜೆಯಿಂದ ಬಂದವರು ಚಂದದ ಪಾಸಿನಾಟದ ಹಟ ಬಿಡಬೇಕು, ಹನ್ನೊಂದು ಮಂದಿಯೂ ತಮ್ಮ ಗೋಲಿನ ಮುಂದೆ ನಿಂತು ಸಿಕ್ಕಿದ ಚೆಂಡನ್ನು ದೂರಕ್ಕೆ ಒದೆಯಬೇಕು, ಇಳಿಯದೆ ಉಳಿಯಲು ಸಾಕೆನ್ನುವ 40 ಅಂಕವನ್ನು ಹೇಗಾದರೂ ಕೂಡಿಹಾಕಬೇಕು; ಹಾಗೆ ಮಾಡದ ತಂಡ ಕೆಳಗಿಳಿದರೆ ಅದು ತಾನೇ ತಂದುಕೊಂಡ ಕೇಡು. ಕುಂಬಳೆ, ಬದಿಯಡ್ಕ, ಮುಳ್ಳೇರಿಯದ ಚಹಾದಂಗಡಿಗಳಲ್ಲಿಯೂ ಶನಿವಾರ ರಾತ್ರಿಯ ಆಟದ ಮರುದಿನ ಕೇಳಿಬರುವುದು ಈ ಮಾತೇ. ಈ ಅಭಿಪ್ರಾಯ ನಡೆದ ಸಂಗತಿಗಳಿಗೆ ಹೊಂದುವುದಿಲ್ಲ ಎಂದು ನನಗೆ ಬಲವಾಗಿ ಅನ್ನಿಸಿರುವುದರಿಂದ ಈ ಪತ್ರ ಬರೆಯುತ್ತಿದ್ದೇನೆ. ಕೊನೆಯಲ್ಲಿ ಪತ್ರಿಕೆಯ ಮುಂದೆ ನನ್ನದೊಂದು ಕೋರಿಕೆಯೂ ಇದೆ.

ಪ್ರತಿ ವರ್ಷ ಪಟ್ಟಿಯ ಕೊನೆಯ ಮೂರು ತಂಡಗಳು ಎರಡನೆಯ ದರ್ಜೆಗೆ ಇಳಿಯುತ್ತವೆ, ಅಲ್ಲಿಂದ ಮೂರು ತಂಡಗಳು ಮೇಲೆ ಬರುತ್ತವೆ. 2023ರಲ್ಲಿ ಮೇಲೆ ಬಂದ ಬರ್ನ್ಲಿ, ಶೆಫೀಲ್ಡ್ ಯುನೈಟೆಡ್, ಲೂಟನ್ ಟೌನ್ ಮೂರೂ ಒಂದೇ ವರ್ಷದಲ್ಲಿ ಕೆಳಗಿಳಿದವು. 2024ರಲ್ಲಿ ಬಂದ ಲೆಸ್ಟರ್ ಸಿಟಿ, ಇಪ್ಸ್‌ವಿಚ್ ಟೌನ್, ಸೌತಾಂಪ್ಟನ್ ತಂಡಗಳ ಗತಿಯೂ ಅದೇ ಆಯಿತು. ಇದಕ್ಕೆ ಮುಂಚೆ ಬಡ್ತಿ ಪಡೆದ ಮೂರೂ ತಂಡಗಳು ಒಟ್ಟಿಗೆ ಇಳಿದದ್ದು 1997–98ರಲ್ಲಿ ಒಮ್ಮೆ ಮಾತ್ರ. ಸತತ ಎರಡು ವರ್ಷ ಹಾಗಾದದ್ದು ಪ್ರೀಮಿಯರ್ ಲೀಗಿನ ಚರಿತ್ರೆಯಲ್ಲಿ ಅದೇ ಮೊದಲು. ಆದರೆ ಈ ತಂಡಗಳೆಲ್ಲ ಒಂದೇ ಬಗೆಯಲ್ಲಿ ಆಡಿ ಸೋತವೇ ಎಂದು ಕೇಳಿದರೆ, ಇಲ್ಲ. ಬರ್ನ್ಲಿಯ ಕೋಚ್ ವಿನ್ಸೆಂಟ್ ಕೊಂಪನಿ ಪಾಸಿನಾಟವನ್ನೇ ನಂಬಿದ್ದರು. ಲೂಟನ್ ಎತ್ತರದ ಫಾರ್ವರ್ಡ್‌ಗಳನ್ನು ನೆಚ್ಚಿಕೊಂಡು ನೇರವಾಗಿ, ಬದಿಗಳಿಂದ ಚೆಂಡನ್ನು ಒಳಗೆ ಹಾಕಿ ಆಡಿತು. ಇನ್ನು ಶೆಫೀಲ್ಡ್ ಯುನೈಟೆಡ್ ಹೆಚ್ಚಿನ ಪಂದ್ಯಗಳಲ್ಲಿ ಚೆಂಡನ್ನು ಎದುರಾಳಿಗೆ ಬಿಟ್ಟುಕೊಟ್ಟು ಹಿಂದೆ ಸರಿದು ನಿಂತೇ ಆಡಿತು, ಎಂದರೆ ನಮ್ಮ ಪತ್ರಲೇಖಕರು ಹೇಳಿದಂತೆಯೇ ಆಡಿತು. ಅದು ಬಿಟ್ಟುಕೊಟ್ಟ ಗೋಲುಗಳು 104, ಪ್ರೀಮಿಯರ್ ಲೀಗಿನ ಒಂದು ಋತುವಿನಲ್ಲಿ ಯಾವ ತಂಡವೂ ಅಷ್ಟು ಗೋಲು ಬಿಟ್ಟುಕೊಟ್ಟಿರಲಿಲ್ಲ.

ಸೌತಾಂಪ್ಟನ್ ವಿಷಯವನ್ನು ಸ್ವಲ್ಪ ವಿವರವಾಗಿಯೇ ಹೇಳಬೇಕು, ಏಕೆಂದರೆ ಎಲ್ಲರೂ ಬೆರಳು ತೋರಿಸಿರುವುದು ಆ ತಂಡದ ಕಡೆಗೆ. ಗೋಲ್‌ಕೀಪರಿನಿಂದಲೇ ಸಣ್ಣ ಸಣ್ಣ ಪಾಸುಗಳಲ್ಲಿ ಆಟ ಕಟ್ಟಬೇಕೆಂದು ಕೋಚ್ ರಸೆಲ್ ಮಾರ್ಟಿನ್ ಪಟ್ಟು ಹಿಡಿದಿದ್ದರು, ಎದುರಾಳಿಗಳು ಮುಂದೊತ್ತಿ ಬಂದು ಪೆನಾಲ್ಟಿ ಬಾಕ್ಸಿನ ಬಾಗಿಲಲ್ಲೇ ಚೆಂಡು ಕಸಿದು ಗೋಲು ಹೊಡೆಯುತ್ತಿದ್ದರು. ನೋಡುವವರಿಗೆ ಸಂಕಟವಾಗುತ್ತಿತ್ತು, ಅದನ್ನು ನಾನು ಅಲ್ಲಗಳೆಯುವುದಿಲ್ಲ. 16 ಪಂದ್ಯಗಳಲ್ಲಿ 5 ಅಂಕ ಬಂದಾಗ, 2024ರ ಡಿಸೆಂಬರ್ 15ರಂದು ಟಾಟೆನ್‌ಹ್ಯಾಮ್ ಎದುರು ಸ್ವಂತ ಮೈದಾನದಲ್ಲಿ 0–5ರಿಂದ ಸೋತ ರಾತ್ರಿಯೇ ಅವರನ್ನು ತೆಗೆಯಲಾಯಿತು. ಆಮೇಲೆ ಬಂದವರು ಆ ಹಟವನ್ನು ಹಿಡಿಯಲಿಲ್ಲ. ಫಲವೇನಾಯಿತು? ಉಳಿದ 22 ಪಂದ್ಯಗಳಲ್ಲಿ ಬಂದದ್ದು 7 ಅಂಕ. ಪಂದ್ಯಕ್ಕಿಷ್ಟು ಎಂದು ಲೆಕ್ಕ ಹಾಕಿದರೆ ಮೊದಲು 0.31, ಆಮೇಲೆ 0.32. ಏಳು ಪಂದ್ಯಗಳು ಬಾಕಿಯಿರುವಾಗಲೇ ಹಿಂಬಡ್ತಿ ಖಚಿತವಾಯಿತು, 2007–08ರಲ್ಲಿ ಡರ್ಬಿ ಕೌಂಟಿ 11 ಅಂಕ ಗಳಿಸಿದ್ದೇ ಅತ್ಯಂತ ಕಡಮೆ ಎಂಬ ದಾಖಲೆಯಿಂದ ಒಂದೇ ಅಂಕದಲ್ಲಿ ತಪ್ಪಿಸಿಕೊಂಡದ್ದಷ್ಟೇ ಸಮಾಧಾನ. ಶೈಲಿಯೇ ರೋಗವಾಗಿದ್ದರೆ ಶೈಲಿ ಬದಲಾದಾಗ ಸ್ವಲ್ಪವಾದರೂ ಗುಣ ಕಾಣಬೇಕಿತ್ತು.

ನನ್ನ ಅಭಿಪ್ರಾಯ ಇಷ್ಟು: ಶೈಲಿ ಒಳ್ಳೆಯದೋ ಕೆಟ್ಟದೋ ಎಂಬುದು ಪ್ರಶ್ನೆಯಲ್ಲ, ಆ ಶೈಲಿಯನ್ನು ಮೇಲಿನ ದರ್ಜೆಯ ವೇಗದಲ್ಲಿ ನಡೆಸಬಲ್ಲ ಆಟಗಾರರು ತಂಡದಲ್ಲಿ ಇದ್ದಾರೆಯೇ ಎಂಬುದು ಪ್ರಶ್ನೆ. ಇದಕ್ಕೆ ಇದೇ ಶೆಫೀಲ್ಡ್ ಯುನೈಟೆಡ್‌ಗಿಂತ ಒಳ್ಳೆಯ ಸಾಕ್ಷಿ ಬೇಡ. 2019ರಲ್ಲಿ ಬಡ್ತಿ ಪಡೆದು ಬಂದಾಗ ಕೋಚ್ ಕ್ರಿಸ್ ವೈಲ್ಡರ್ ಗೋಲಿನ ಮುಂದೆ ನಡುವಿನಲ್ಲಿ ಕಾಯುವ ಮೂವರು ಸೆಂಟರ್ ಬ್ಯಾಕ್‌ಗಳನ್ನು ಇಟ್ಟು, ಅವರಲ್ಲಿ ಆಚೀಚೆಯ ಇಬ್ಬರನ್ನು ವಿಂಗಿನವರೆಗೂ ಓಡಿಸುತ್ತಿದ್ದರು. ಅಂಥ ಆಟವನ್ನು ಅಲ್ಲಿನ ದೊಡ್ಡ ತಂಡಗಳು ನೋಡಿರಲಿಲ್ಲ; ಶೆಫೀಲ್ಡ್ 54 ಅಂಕಗಳೊಂದಿಗೆ ಒಂಬತ್ತನೆಯ ಸ್ಥಾನಕ್ಕೆ ಬಂತು. ಮರು ವರ್ಷ ಮಾರ್ಚ್ ತಿಂಗಳವರೆಗೂ ಅದೇ ಕೋಚ್, ಅದೇ ಯೋಜನೆ, ಆದರೆ 23 ಅಂಕ ಮತ್ತು ಕಟ್ಟಕಡೆಯ ಸ್ಥಾನ. ಎಡಬದಿಯಿಂದ ಮುಂದೆ ಓಡುತ್ತಿದ್ದ ಜ್ಯಾಕ್ ಒಕಾನಲ್ ಮೊಣಕಾಲಿನ ಗಾಯದಿಂದ ಎರಡೇ ಪಂದ್ಯಕ್ಕೆ ಆ ಋತುವನ್ನು ಮುಗಿಸಿದ್ದರು, ಎರವಲು ಬಂದಿದ್ದ ಗೋಲ್‌ಕೀಪರ್ ಡೀನ್ ಹೆಂಡರ್ಸನ್ ತಮ್ಮ ಮ್ಯಾಂಚೆಸ್ಟರ್ ಯುನೈಟೆಡ್‌ಗೆ ಮರಳಿದ್ದರು. ಕಾಗದದ ಮೇಲಿನ ಯೋಜನೆ ಹಾಗೆಯೇ ಇತ್ತು, ಅದನ್ನು ಹೊತ್ತ ಕಾಲುಗಳು ಇರಲಿಲ್ಲ.

ಇದಕ್ಕೆ ತೀರ ವಿರುದ್ಧವಾದ ಶೈಲಿಯವರು 2008ರಲ್ಲಿ ಬಂದ ಸ್ಟೋಕ್ ಸಿಟಿ. ಟೋನಿ ಪ್ಯೂಲಿಸ್ ಅವರ ಆ ತಂಡದಲ್ಲಿ ಶಾಲಾದಿನಗಳಲ್ಲಿ ಜಾವೆಲಿನ್ ಎಸೆಯುತ್ತಿದ್ದ ರೋರಿ ಡೆಲಾಪ್ ಎಂಬವರಿದ್ದರು. ಅವರು ಗೆರೆಯ ಬಳಿ ಚೆಂಡು ಒರಸಿಕೊಂಡು ಎಸೆದ ಥ್ರೋ ಕಾರ್ನರ್ ಒದೆತದಷ್ಟೇ ಅಪಾಯಕಾರಿಯಾಗಿ ಗೋಲಿನ ಬಾಯಿಗೆ ಬೀಳುತ್ತಿತ್ತು. ಅದನ್ನು ಫುಟ್ಬಾಲೇ ಅಲ್ಲ ಎಂದು ಹೀಗಳೆದವರಿದ್ದರು. ಸ್ಟೋಕ್ ಹತ್ತು ಋತುಗಳ ಕಾಲ ಅಲ್ಲಿ ಉಳಿಯಿತು. ಮಾರ್ಸೆಲೊ ಬಿಯೆಲ್ಸಾ ಅವರ ಲೀಡ್ಸ್ ಯುನೈಟೆಡ್ 2020–21ರಲ್ಲಿ ತೊಂಬತ್ತು ನಿಮಿಷವೂ ಓಡಿ, ಆಕ್ರಮಣವನ್ನೇ ಉಸಿರಾಗಿಸಿಕೊಂಡು 59 ಅಂಕ ಪಡೆಯಿತು, ಅದೂ ಒಂಬತ್ತನೆಯ ಸ್ಥಾನವೇ. ಹೀಗಿರುವಾಗ ಉಳಿಯುವುದಕ್ಕೆ ಒಂದೇ ದಾರಿ ಎಂದು ಹೇಳುವುದು ಹೇಗೆ? ಹತ್ತಿ ಬರುವುದಕ್ಕೂ ದಾರಿ ಒಂದೇ ಅಲ್ಲ. ಬರ್ನ್ಲಿಯವರು ಎರಡನೆಯ ದರ್ಜೆಯಲ್ಲಿ ಕೊಂಪನಿಯ ಪಾಸಿನಾಟದಿಂದ 101 ಅಂಕ ಗಳಿಸಿ ಒಮ್ಮೆ ಮೇಲೆ ಬಂದರು. ಎರಡು ವರ್ಷಗಳ ಬಳಿಕ ಸ್ಕಾಟ್ ಪಾರ್ಕರ್ ಅವರ ಕೈಕೆಳಗೆ 46 ಪಂದ್ಯಗಳಲ್ಲಿ ಬರೇ 16 ಗೋಲು ಬಿಟ್ಟುಕೊಟ್ಟು, 100 ಅಂಕ ಗಳಿಸಿ ಮತ್ತೆ ಮೇಲೆ ಬಂದರು.

ಹಾಗಾದರೆ ಈಚೆಗೆ ಎರಡು ದರ್ಜೆಗಳ ನಡುವಿನ ಕಂದಕ ಹೆಚ್ಚಾದದ್ದು ಏಕೆ? ಉತ್ತರ ಹಣದಲ್ಲಿದೆ. ಕೆಳಗಿಳಿದ ತಂಡಕ್ಕೆ, ಪ್ರೀಮಿಯರ್ ಲೀಗಿನ ಪ್ರಸಾರದ ಹಣದಲ್ಲಿ ಪ್ರತಿ ತಂಡಕ್ಕೂ ಸಮವಾಗಿ ಹಂಚುವ ಪಾಲಿನಲ್ಲಿ ಮೊದಲ ವರ್ಷ ಶೇ. 55, ಎರಡನೆಯ ವರ್ಷ ಶೇ. 45, ಮೂರನೆಯ ವರ್ಷ ಶೇ. 20ರಷ್ಟು ಹಣ ಸಿಗುತ್ತದೆ. ಒಂದೇ ವರ್ಷವಿದ್ದು ಇಳಿದವರಿಗೆ ಎರಡು ವರ್ಷ ಮಾತ್ರ. ಪ್ಯಾರಾಚೂಟ್ ಹಣ ಎಂದೇ ಇದಕ್ಕೆ ಹೆಸರು. ಅದರಿಂದಾಗಿ ಇಳಿದವರೇ ಮತ್ತೆ ಹತ್ತುವುದು ಸುಲಭವಾಗಿದೆ, ಆದರೆ ಹತ್ತಿದ ಮೇಲೆ ನಿಲ್ಲುವುದಕ್ಕೆ ಆ ಹಣ ಸಾಲುವುದಿಲ್ಲ. ಇದರ ಮೇಲೆ 2025–26ರ ಋತುವಿನವರೆಗೆ ನಷ್ಟದ ಮಿತಿಯ ನಿಯಮವೊಂದಿತ್ತು. ಸದಾ ಮೇಲಿನ ದರ್ಜೆಯಲ್ಲಿದ್ದ ಕ್ಲಬ್ಬಿಗೆ ಮೂರು ವರ್ಷಗಳಲ್ಲಿ 10.5 ಕೋಟಿ ಪೌಂಡ್‌ವರೆಗೆ ನಷ್ಟ ತೋರಿಸುವ ಅವಕಾಶವಿದ್ದರೆ, ಅದರಲ್ಲಿ ಎರಡು ವರ್ಷ ಕೆಳಗಿದ್ದ ಕ್ಲಬ್ಬಿಗೆ 6.1 ಕೋಟಿ ಮಾತ್ರ. 2022ರಲ್ಲಿ ಮೇಲೆ ಬಂದ ನಾಟಿಂಗಂ ಫಾರೆಸ್ಟ್ ಒಂದೇ ಬೇಸಗೆಯಲ್ಲಿ ಇಪ್ಪತ್ತಕ್ಕೂ ಹೆಚ್ಚು ಆಟಗಾರರನ್ನು ಕೊಂಡಾಗ ನಾವೆಲ್ಲ ನಕ್ಕಿದ್ದೆವು. ಆ ತಂಡ ಮಿತಿ ಮೀರಿತು, 2024ರ ಮಾರ್ಚ್‌ನಲ್ಲಿ 4 ಅಂಕಗಳ ದಂಡ ತೆತ್ತಿತು, ಆದರೂ ಉಳಿಯಿತು. 2024–25ರಲ್ಲಿ ಏಳನೆಯ ಸ್ಥಾನಕ್ಕೇರಿ ಯುರೋಪಿನ ಸ್ಪರ್ಧೆಗೆ ಅರ್ಹತೆ ಪಡೆಯಿತು. ನಿಯಮ ಮುರಿದದ್ದನ್ನು ನಾನು ಸಮರ್ಥಿಸುತ್ತಿಲ್ಲ. ಆಟಗಾರರನ್ನು ಬದಲಿಸಿದವರು ಉಳಿದರು, ಹತ್ತಿಸಿದವರನ್ನೇ ನಂಬಿ ಕುಳಿತವರು ಹೆಚ್ಚಾಗಿ ಇಳಿದರು ಎಂಬ ಕಹಿ ಸತ್ಯವನ್ನು ಹೇಳುತ್ತಿದ್ದೇನೆ. ಎಂಟು ವರ್ಷಗಳ ಬಳಿಕ 2025ರಲ್ಲಿ ಮೇಲೆ ಬಂದ ಸಂಡರ್ಲೆಂಡ್ ಇದನ್ನು ಅರಿತೇ ಲೆವರ್‌ಕುಸೆನ್‌ನಿಂದ ಗ್ರಾನಿಟ್ ಜಾಕಾರಂಥ ಪಳಗಿದ ಮಿಡ್‌ಫೀಲ್ಡರನ್ನು ಕರೆತಂದು ನಾಯಕತ್ವ ಕೊಟ್ಟಿತು. ಮೊದಲ ದಿನವೇ ವೆಸ್ಟ್ ಹ್ಯಾಮ್ ತಂಡವನ್ನು 3–0ಯಿಂದ ಸೋಲಿಸಿತು.

40 ಅಂಕದ ಮಾತನ್ನೂ ಇನ್ನು ಬಿಡುವುದು ಒಳ್ಳೆಯದು. 1997–98ರಲ್ಲಿ ಬೋಲ್ಟನ್ 40 ಅಂಕ ಗಳಿಸಿಯೂ ಗೋಲು ವ್ಯತ್ಯಾಸದಿಂದ ಇಳಿಯಿತು, 2002–03ರಲ್ಲಿ ವೆಸ್ಟ್ ಹ್ಯಾಮ್ 42 ಅಂಕಗಳಿದ್ದೂ ಇಳಿಯಿತು. 2024–25ರಲ್ಲಿ 18ನೆಯ ಸ್ಥಾನದ ಲೆಸ್ಟರ್ ಗಳಿಸಿದ್ದು 25 ಮಾತ್ರ. 17ನೆಯ ಸ್ಥಾನದಲ್ಲಿ 38 ಅಂಕಗಳೊಂದಿಗೆ ಉಳಿದ ಟಾಟೆನ್‌ಹ್ಯಾಮ್ ಅದೇ ವರ್ಷ ಯುರೋಪಾ ಲೀಗನ್ನು ಗೆದ್ದಿತು.

ನಮ್ಮೂರಿನ ಅಭಿರುಚಿ ಈ ವಾದಕ್ಕೆ ಎಷ್ಟರಮಟ್ಟಿಗೆ ಕಾರಣ ಎಂದು ನಾನು ಯೋಚಿಸಿದ್ದುಂಟು. ಸುಗ್ಗಿ ಕೊಯ್ಲಾದ ಗದ್ದೆಯಲ್ಲಿ ದೀಪ ಕಟ್ಟಿ, ಬಿದಿರು ಕಂಗಿನ ಗ್ಯಾಲರಿ ಕಟ್ಟಿ ನಡೆಸುವ ಸೆವೆನ್ಸ್ ಪಂದ್ಯಗಳನ್ನು ನೋಡಿ ಬೆಳೆದವರು ನಾವು. ಮೊಗ್ರಾಲಿನಿಂದ ತೃಕ್ಕರಿಪುರದವರೆಗೆ ಈ ಆಟದ ಹುಚ್ಚಿಲ್ಲದ ಊರು ಕಡಮೆ. ಏಳು ಮಂದಿಯ ಸಣ್ಣ ಅಂಗಳದಲ್ಲಿ ಚೆಂಡು ಹಿಂದಕ್ಕೆ ಹೋದರೆ ಪ್ರೇಕ್ಷಕ ಸಹಿಸುವುದಿಲ್ಲ. ಬಲವಾದ ಒಂದು ಹೊಡೆತಕ್ಕೆ ಹತ್ತು ಪಾಸುಗಳಿಗಿಂತ ಹೆಚ್ಚು ಚಪ್ಪಾಳೆ. ಆ ಆಟದ ಸೊಗಸು ಅದಕ್ಕೇ ಸೇರಿದ್ದು. ಅದೇ ಅಳತೆಗೋಲನ್ನು ಸೌತಾಂಪ್ಟನ್‌ನ ಹುಡುಗರ ಮೇಲೆ ಇಟ್ಟು ಅವರನ್ನು ಮೂರ್ಖರೆನ್ನುವುದು ಮಾತ್ರ ನ್ಯಾಯವಲ್ಲ.

ಹಿಂಬಡ್ತಿಯನ್ನು ನಗೆಯ ವಸ್ತು ಮಾಡುವುದೂ ನನಗೆ ಸರಿಕಾಣುವುದಿಲ್ಲ. ಲೂಟನ್ ಟೌನ್ 2008–09ರಲ್ಲಿ 30 ಅಂಕಗಳ ದಂಡಕ್ಕೆ ಗುರಿಯಾಗಿ ನಾಲ್ಕನೆಯ ದರ್ಜೆಯಿಂದಲೂ ಹೊರಬಿದ್ದ ತಂಡ. ಮನೆಗಳ ಸಾಲಿನ ನಡುವೆ ಬಾಗಿಲು, ಹಿತ್ತಿಲುಗಳ ಮೇಲಿನಿಂದ ಮೆಟ್ಟಿಲು ಇರುವ ಸುಮಾರು 12 ಸಾವಿರ ಮಂದಿಯ ಆ ಹಳೆಯ ಮೈದಾನದಿಂದ ಅವರು 2023ರಲ್ಲಿ ಪ್ರೀಮಿಯರ್ ಲೀಗಿಗೆ ಏರಿದಾಗ, ಪೆಲ್ಲಿ ರಡಕ್ ಎಂಪಾನ್ಜು ಎಂಬ ಆಟಗಾರ ಅದೇ ತಂಡದೊಂದಿಗೆ ಐದೂ ಹಂತಗಳನ್ನು ಹತ್ತಿ ಬಂದಿದ್ದರು. 26 ಅಂಕ ಗಳಿಸಿ ಇಳಿದರು. ಮರುವರ್ಷ ಇನ್ನೊಂದು ಮೆಟ್ಟಿಲು ಇಳಿದು ಮೂರನೆಯ ದರ್ಜೆಗೆ ಹೋದರು. ಕೊನೆಯ ಮೂರು ಸ್ಥಾನಗಳ ಭಯವೆಂದರೆ ಇದು: ಒಮ್ಮೆ ಕಾಲು ಜಾರಿದರೆ ಎಲ್ಲಿ ನಿಲ್ಲುತ್ತದೆಂದು ಹೇಳಲಾಗದು.

ಈ ಏಣಿ ನಮ್ಮಲ್ಲಿ ಇಲ್ಲದಿದ್ದಾಗ ಏನಾಯಿತೆಂಬುದನ್ನು ನಾವು ಹತ್ತಿರದಿಂದ ಕಂಡಿದ್ದೇವೆ. ಕೋಝಿಕ್ಕೋಡಿನ ಗೋಕುಲಂ ಕೇರಳ 2020–21 ಮತ್ತು 2021–22ರಲ್ಲಿ ಸತತವಾಗಿ ನಮ್ಮ ದೇಶದ ಐ–ಲೀಗ್ ಗೆದ್ದಿತು. ಐ–ಲೀಗಿನಲ್ಲಿ ಪ್ರಶಸ್ತಿ ಉಳಿಸಿಕೊಂಡ ಮೊದಲ ತಂಡ ಅದು. ಆದರೆ ಅದಕ್ಕಿಂತ ಮೇಲಿನ ದರ್ಜೆಯಾದ ಇಂಡಿಯನ್ ಸೂಪರ್ ಲೀಗಿಗೆ ಆಗ ಬಡ್ತಿಯ ದಾರಿಯೇ ಇರಲಿಲ್ಲ. ಮರುವರ್ಷ ನಿಯಮ ಬಂದಾಗ ಗೆದ್ದ ಪಂಜಾಬ್ ತಂಡ ಮೇಲೇರಿತು. 2014ರಲ್ಲಿ ಆರಂಭವಾದ ಆ ಸೂಪರ್ ಲೀಗಿನ ಮೊದಲ ಹನ್ನೊಂದು ಋತುಗಳಲ್ಲಿ ಕೊನೆಯ ಸ್ಥಾನದ ಯಾವ ತಂಡವೂ ಇಳಿಯಬೇಕಾಗಲಿಲ್ಲ. ಇಳಿಯುವ ಭಯವಿಲ್ಲದ ಕೊನೆಯ ಪಂದ್ಯವನ್ನು ಯಾರು ಎದೆ ಹಿಡಿದು ನೋಡುತ್ತಾರೆ?

ಈಗ ನನ್ನ ಕೋರಿಕೆ. ಇಷ್ಟು ಚರ್ಚೆಗೆ ಜಾಗ ಕೊಟ್ಟ ಪತ್ರಿಕೆ ಸೋಮವಾರದ ಕ್ರೀಡಾ ಪುಟದಲ್ಲಿ ಅಂಕಪಟ್ಟಿಯ ಮೇಲಿನ ಆರು ತಂಡಗಳನ್ನು ಮಾತ್ರ ಅಚ್ಚು ಮಾಡುತ್ತಿದೆ. ಕೆಳಗಿನ ಮೂವರು ಯಾರೆಂದು ತಿಳಿಯಲು ನಮ್ಮ ಕನ್ನಡ ಶಾಲೆಗಳ ಮಕ್ಕಳು ಅಂಗಡಿಯ ಮಲಯಾಳಂ ಪತ್ರಿಕೆಯನ್ನು ಬಿಡಿಸಬೇಕಾಗುತ್ತದೆ. ಹಾಗೆ ಓದಿ ಓದಿ ಅವರ ಬಾಯಲ್ಲಿ ಹಿಂಬಡ್ತಿಗೆ ‘ತರಂತಾಳ್ತಲ್’ ಎಂಬ ಮಾತೇ ನಿಂತಿದೆ. ಬೇರೆ ಭಾಷೆಯನ್ನು ಓದುವುದು ಒಳ್ಳೆಯದೇ, ಆದರೆ ತಮಗೆ ಪ್ರಿಯವಾದ ಆಟವನ್ನು ಕನ್ನಡದಲ್ಲಿ ಓದಲು ಸಿಗದೆ ಅತ್ತ ಹೋಗುವಂತಾಗಬಾರದು. ದಯವಿಟ್ಟು ಇಪ್ಪತ್ತು ತಂಡಗಳ ಪೂರ್ಣ ಪಟ್ಟಿಯನ್ನು ಅಂಕ, ಗೋಲು ವ್ಯತ್ಯಾಸಗಳ ಸಮೇತ ಪ್ರಕಟಿಸಿ. ಪ್ರತಿ ವರ್ಷ ಮೇ ತಿಂಗಳಲ್ಲಿ ಮೂರು ತಂಡಗಳು ಮೇಲೆ ಬಂದಾಗ ಅವು ಎಲ್ಲಿಯವು, ಹೇಗೆ ಆಡುತ್ತವೆ ಎಂಬುದನ್ನು ಕಾಲು ಪುಟದಷ್ಟಾದರೂ ಬರೆಯಿಸಿ. ಜಾಗದ ಅಭಾವವಿದ್ದರೆ ಓದುಗರ ಅಂಕಣದಲ್ಲಿ ನನ್ನಂಥವರ ಒಂದು ಪತ್ರವನ್ನು ಕಡಮೆ ಮಾಡಿದರೂ ನನಗೆ ಬೇಸರವಿಲ್ಲ.

ಇತಿ ತಮ್ಮ ವಿಶ್ವಾಸಿ,
ಒಬ್ಬ ನಿವೃತ್ತ ಅಧ್ಯಾಪಕ,
ನೀರ್ಚಾಲು, ಕಾಸರಗೋಡು ಜಿಲ್ಲೆ