ಲ್ಯಾಂಬೆತ್ ಸೇತುವೆಯಾಚೆಯ ಆರು ಮಂದಿ

ಬಸವ ಜಯಂತಿಗೆಂದು ಲಂಡನ್ನಿನ ಆಲ್ಬರ್ಟ್ ಎಂಬ್ಯಾಂಕ್‌ಮೆಂಟಿಗೆ ಬರುವ ನಮ್ಮವರಲ್ಲಿ ಹೆಚ್ಚಿನವರು ಬಸವೇಶ್ವರರ ಪ್ರತಿಮೆಗೆ ಹೂವಿಟ್ಟು, ಫೋಟೋ ತೆಗೆಸಿಕೊಂಡು ಮನೆ ದಾರಿ ಹಿಡಿಯುತ್ತಾರೆ. ಲ್ಯಾಂಬೆತ್ ಸೇತುವೆ ದಾಟಿದರೆ, ಪಾರ್ಲಿಮೆಂಟಿನ ಮಗ್ಗುಲಿನ ವಿಕ್ಟೋರಿಯಾ ಟವರ್ ಗಾರ್ಡನ್ಸ್‌ನಲ್ಲಿ, ಜಗತ್ತಿನ ಅತಿ ದೊಡ್ಡ ಕಂಚಿನ ಶಿಲ್ಪಗಳಲ್ಲಿ ಒಂದು ಬಯಲಲ್ಲೇ ನಿಂತಿದೆ. ದೊಡ್ಡದೆಂದದ್ದು ಅಳತೆಯಲ್ಲಲ್ಲ, ಆಳಿಗಿಂತ ತುಸು ಎತ್ತರದ ಆರು ಗಂಡಸರು, ಅಷ್ಟೇ. ಫ್ರೆಂಚ್ ಶಿಲ್ಪಿ ಒಗ್ಯುಸ್ತ್ ರೋದ್ಯಾ ಮಾಡಿದ ‘ಬರ್ಗರ್ಸ್ ಆಫ್ ಕ್ಯಾಲೆ’, ಅಂದರೆ ಕ್ಯಾಲೆ ಊರಿನ ಪ್ರಮುಖರು.

1347ರಲ್ಲಿ, ಸುಮಾರು ಹನ್ನೊಂದು ತಿಂಗಳ ಮುತ್ತಿಗೆಯ ನಂತರ, ಹಸಿವಿನಿಂದ ಕಂಗೆಟ್ಟ ಫ್ರಾನ್ಸಿನ ಕ್ಯಾಲೆ ಪಟ್ಟಣ ಇಂಗ್ಲೆಂಡಿನ ಮೂರನೇ ಎಡ್ವರ್ಡನಿಗೆ ಮಣಿಯಿತು. ಊರಿನ ಆರು ಪ್ರಮುಖರು ಬರಿಗಾಲಲ್ಲಿ, ಬರಿತಲೆಯಲ್ಲಿ, ಕೊರಳಿಗೆ ನೇಣು ಹಾಕಿಕೊಂಡು ಕೋಟೆಯ ಬೀಗದಕೈ ತಂದೊಪ್ಪಿಸಿದರೆ ಉಳಿದವರನ್ನು ಬಿಡುವೆನೆಂದು ರಾಜ ಹೇಳಿದನಂತೆ. ರಾಣಿ ಫಿಲಿಪ್ಪಾ ಬೇಡಿಕೊಂಡದ್ದರಿಂದ ಆರೂ ಜನ ಬದುಕಿದರು ಎಂಬುದು ಆ ಶತಮಾನದ ಚರಿತ್ರೆಕಾರ ಫ್ರ್ವಾಸಾರನ ವೃತ್ತಾಂತ. ರೋದ್ಯಾ ರಾಣಿಯನ್ನು ಮಾಡಲಿಲ್ಲ, ಕ್ಷಮಾದಾನವನ್ನೂ ಮಾಡಲಿಲ್ಲ. ಸಾಯಲೆಂದು ಮನೆ ಬಿಟ್ಟು ಹೊರಟ ಗಳಿಗೆಯನ್ನು ಆರಿಸಿಕೊಂಡ. 1884ರಲ್ಲಿ ಕ್ಯಾಲೆ ಕೇಳಿದ್ದು ಒಬ್ಬನೇ ಒಬ್ಬನ ಮೂರ್ತಿ, ಹಿರಿಯ ಯೂಸ್ತಾಷ್ ದ ಸೆಂ ಪಿಯೇರ್‌ನದು. ರೋದ್ಯಾ ಆರೂ ಜನರನ್ನು ಮಾಡಿದ. ತಲೆ ತಗ್ಗಿಸಿದವರು ಎಂಥ ವೀರರು, ಗುಂಪಿಗೆ ಶಿಖರವೇ ಇಲ್ಲವಲ್ಲ ಎಂದು ಸಮಿತಿ ಆಕ್ಷೇಪಿಸಿತು. ಅವನು ಬಗ್ಗಲಿಲ್ಲ. ಅಲ್ಲಿ ಯಾರೂ ಯಾರನ್ನೂ ಮುಟ್ಟಿಲ್ಲ, ಯಾರ ಕಣ್ಣೂ ಇನ್ನೊಬ್ಬರ ಕಣ್ಣಿಗೆ ಸಿಗುವುದಿಲ್ಲ. ಎದುರಿನಿಂದ ನೋಡಿ ಮುಗಿಸುವಂತೆಯೂ ಇಲ್ಲ, ಸುತ್ತು ಹಾಕಲೇಬೇಕು. ನಮ್ಮ ಸರ್ಕಲ್ಲುಗಳಲ್ಲಿ ಕೈಯೆತ್ತಿ ನಿಂತ ಮೂರ್ತಿಗಳನ್ನು ನೋಡಿ ಬೆಳೆದ ಕಣ್ಣಿಗೆ ಇದು ಒಗ್ಗಲು ಸ್ವಲ್ಪ ಹೊತ್ತು ಬೇಕು.

ಈ ಹಟದ ಹಿಂದೆ ಒಂದು ಹಳೆಯ ಗಾಯವಿತ್ತು. 1840ರಲ್ಲಿ ಪ್ಯಾರಿಸ್ಸಿನಲ್ಲಿ ಹುಟ್ಟಿದ ರೋದ್ಯಾನನ್ನು ಅಲ್ಲಿನ ಪ್ರಸಿದ್ಧ ಕಲಾಶಾಲೆ ಎಕೋಲ್ ದೆ ಬೋಜಾರ್ ಮೂರು ಸಲ ತಿರಸ್ಕರಿಸಿತು. ವರ್ಷಗಟ್ಟಲೆ ಬೇರೆಯವರ ಕಾರ್ಯಾಗಾರಗಳಲ್ಲಿ ಅಲಂಕಾರದ ಕೆಲಸ ಮಾಡಿ, ಬ್ರಸೆಲ್ಸ್‌ನಲ್ಲಿ ಒಬ್ಬ ಸೈನಿಕನನ್ನು ಮಾದರಿಯಾಗಿ ನಿಲ್ಲಿಸಿಕೊಂಡು ‘ಕಂಚಿನ ಯುಗ’ ಮಾಡಿದಾಗ, 1877ರಲ್ಲಿ, ಇದು ಜೀವಂತ ದೇಹದ ಮೇಲೆ ಅಚ್ಚೊತ್ತಿ ತೆಗೆದದ್ದು ಎಂಬ ಅಪವಾದ ಬಂತು. ಆಳಿನಷ್ಟೇ ಎತ್ತರ ಇದ್ದದ್ದು ಅನುಮಾನಕ್ಕೆ ಆಸ್ಪದ ಕೊಟ್ಟಿತು. ಮುಂದಿನ ‘ಸಂತ ಜಾನ್’ ಮೂರ್ತಿಯನ್ನು ಅವನು ಬೇಕೆಂದೇ ಆಳಿಗಿಂತ ದೊಡ್ಡದು ಮಾಡಿದ. 1880ರಲ್ಲಿ ಸರ್ಕಾರ ‘ಕಂಚಿನ ಯುಗ’ವನ್ನು ಕೊಂಡುಕೊಂಡಿತು, ‘ನರಕದ ದ್ವಾರ’ ಎಂಬ ಶಿಲ್ಪಭರಿತ ಬಾಗಿಲಿನ ಕೆಲಸವನ್ನೂ ಒಪ್ಪಿಸಿತು.

ಅವನ ಕೈ ನಡೆದದ್ದು ಮಣ್ಣಿನಲ್ಲಿ. ಮಾದರಿಯನ್ನೂ ಮಣ್ಣಿನ ಮೂರ್ತಿಯನ್ನೂ ಸ್ವಲ್ಪ ಸ್ವಲ್ಪವೇ ತಿರುಗಿಸುತ್ತ ಪ್ರತಿ ಕೋನದ ಹೊರಗೆರೆಯನ್ನು ಹೋಲಿಸುವುದು ಅವನ ಕ್ರಮ. ಏಣಿ ಹತ್ತಿ ಮೇಲಿನಿಂದಲೂ ನೋಡುತ್ತಿದ್ದ. ಕ್ಯಾಲೆಯ ಆರೂ ಜನರನ್ನು ಮೊದಲು ಬೆತ್ತಲೆಯಾಗಿ ಮಾಡಿ ಆಮೇಲೆ ಬಟ್ಟೆ ಉಡಿಸಿದ. ಹಾಗಾಗಿಯೇ ಆ ಒರಟು ನಿಲುವಂಗಿಯ ಒಳಗೆ ಮೊಣಕಾಲು ಎಲ್ಲಿದೆ, ಭಾರ ಯಾವ ಕಾಲ ಮೇಲಿದೆ ಎಂದು ತಿಳಿಯುತ್ತದೆ. ಕೈ, ಪಾದ, ತಲೆಗಳ ಪ್ಲಾಸ್ಟರ್ ತುಂಡುಗಳು ಕಾರ್ಯಾಗಾರದಲ್ಲಿ ರಾಶಿ ಬಿದ್ದಿರುತ್ತಿದ್ದವು. ಒಂದರದನ್ನು ಇನ್ನೊಂದಕ್ಕೆ ಜೋಡಿಸಲು ಅವನು ಹಿಂಜರಿದವನಲ್ಲ. ‘ನರಕದ ದ್ವಾರ’ದ ಮೇಲಿನ ‘ನೆರಳು’ ಎಂಬ ಹೆಸರಿನ ಮೂರು ಆಕೃತಿಗಳು ಒಂದೇ ಮೂರ್ತಿಯ ಮೂರು ಪ್ರತಿಗಳು. ಆಗ ಅವನ ಸಹಾಯಕಿಯಾಗಿದ್ದ ಕಮಿಲ್ ಕ್ಲೋದೆಲ್ ತಾನೇ ದೊಡ್ಡ ಶಿಲ್ಪಿ. ಕ್ಯಾಲೆ ಗುಂಪಿನ ಕೈಕಾಲುಗಳಲ್ಲಿ ಆಕೆಯ ಪಾಲೂ ಇದೆ ಎಂಬ ಅಭಿಪ್ರಾಯವುಂಟು.

ಕಂಚು ಹೊಯ್ಯುವ ಕೆಲಸವನ್ನು ಅವನು ಫೌಂಡ್ರಿಗೆ ಬಿಡುತ್ತಿದ್ದ. ಹಸಿ ಮಣ್ಣು ಒಣಗಿದರೆ ಬಿರಿಯುತ್ತದೆ, ಆದ್ದರಿಂದ ಮೊದಲು ಪ್ಲಾಸ್ಟರ್ ಪ್ರತಿ. ಆಮೇಲಿನ ಎರಕ ಎರಡು ಬಗೆ. ಮರಳೆರಕವಾದರೆ ಅದನ್ನು ಕತ್ತರಿಸಿ, ಕಬ್ಬಿಣದ ಚೌಕಟ್ಟಿನಲ್ಲಿ ಜೇಡಿ ಬೆರೆತ ನುಣುಪು ಮರಳನ್ನು ಸುತ್ತ ಗಟ್ಟಿಸುತ್ತಾರೆ. ಬಟ್ಟೆಯ ಮಡಿಕೆ, ಬೆರಳ ಸಂದಿಗಳಲ್ಲಿ ಅಚ್ಚು ಕಚ್ಚಿಕೊಳ್ಳದಂತೆ ಅಲ್ಲಲ್ಲಿ ಬಿಡಿಬಿಡಿ ಮರಳಿನ ತುಂಡು. ಒಳಗೆ ಮರಳಿನ ತಿರುಳನ್ನು ಕೆಲವೇ ಮಿಲಿಮೀಟರ್ ಕೆರೆದು ಕೂಡಿಸಿದರೆ ಆ ಸಂದೇ ಕಂಚಿನ ದಪ್ಪ. ಮೇಣದ ಎರಕದಲ್ಲಿ ಆ ಸಂದನ್ನು ಮೇಣ ತುಂಬಿರುತ್ತದೆ; ಕಾಯಿಸಿ ಕರಗಿಸಿ ಹೊರಹಾಕಿ, ಸುಮಾರು 1,100 ಡಿಗ್ರಿ ಸೆಲ್ಸಿಯಸ್‌ನ ಕಂಚು ಸುರಿಯುತ್ತಾರೆ.

ಎಡವುವುದು ಸಾಮಾನ್ಯವಾಗಿ ಇಲ್ಲೇ. ಅಚ್ಚಿನಲ್ಲಿ ತೇವ ಉಳಿದರೆ ಹಬೆಯೆದ್ದು ಮೈತುಂಬ ತೂತು, ಕೆಲವೊಮ್ಮೆ ಸ್ಫೋಟ. ಲೋಹ ತಣ್ಣಗಿದ್ದರೆ ಎರಡು ಕಡೆಯಿಂದ ಬಂದ ಧಾರೆಗಳು ಬೆಸೆಯದೆ ಗೆರೆ ನಿಲ್ಲುತ್ತದೆ. ತಿರುಳನ್ನು ಹಿಡಿದ ಮೊಳೆ ಸಡಿಲಾದರೆ ಒಂದು ಮಗ್ಗುಲು ದಪ್ಪ, ಇನ್ನೊಂದು ಮಗ್ಗುಲು ಖಾಲಿ. ದಪ್ಪ ಅಂಗೈ, ತೆಳು ಬೆರಳು ಸೇರುವಲ್ಲಿ ಬೇರೆ ಬೇರೆ ವೇಗದಲ್ಲಿ ಆರಿ ಬಿರುಕು. ಆರುವಾಗ ಕಂಚು ನೂರಕ್ಕೆ ಒಂದೂವರೆಯಷ್ಟು ಕುಗ್ಗುತ್ತದೆ. ಎರಡು ಮೀಟರ್ ಮೂರ್ತಿಗೆ ಮೂರು ಸೆಂಟಿಮೀಟರ್. ಕಂಚಿನ ಮೇಲೆಯೇ ಅಚ್ಚು ತೆಗೆದು ಮಾಡಿದ ಕಳ್ಳಪ್ರತಿ ಮತ್ತೊಮ್ಮೆ ಕುಗ್ಗಿರುವುದರಿಂದ ಅಳತೆಗೋಲಿಗೇ ಸಿಕ್ಕಿಬೀಳುತ್ತದೆ.

ಮೇಣದೆರಕ ನಮಗೆ ಹೊಸದಲ್ಲ. 12ನೇ ಶತಮಾನದ ಪೂರ್ವಾರ್ಧದಲ್ಲಿ ಕಲ್ಯಾಣದಿಂದ ಆಳಿದ ಚಾಲುಕ್ಯ ದೊರೆ ಮೂರನೇ ಸೋಮೇಶ್ವರನ ‘ಮಾನಸೋಲ್ಲಾಸ’ ಮೇಣದ ಬೊಂಬೆಗೆ ಲೋಹ ಸುರಿಯುವ ನಾಳ ಇಡುವುದನ್ನೂ, ಪದರ ಪದರವಾಗಿ ಮಣ್ಣು ಲೇಪಿಸುವುದನ್ನೂ, ಮೇಣದ ತೂಕದಿಂದ ಲೋಹದ ತೂಕ ಲೆಕ್ಕ ಹಾಕುವುದನ್ನೂ ಹೇಳುತ್ತದೆ. ಕೆಲವೇ ದಶಕಗಳಲ್ಲಿ ಬಸವಣ್ಣ ಬಂದು ನೆಲೆಸಿದ್ದು ಅದೇ ಕಲ್ಯಾಣಕ್ಕೆ. ನಮ್ಮ ಚಿಕ್ಕ ಉತ್ಸವಮೂರ್ತಿಗಳು ಒಳಗೆ ಟೊಳ್ಳಿಲ್ಲದ ಗಟ್ಟಿ ಎರಕದವು. ಆಳೆತ್ತರದ ಮೂರ್ತಿಯನ್ನು ಹಾಗೆ ಹೊಯ್ದರೆ ತೂಕವೂ ತಡೆಯದು, ಬಿರುಕೂ ತಪ್ಪದು.

ಕ್ಯಾಲೆಯಲ್ಲಿ ಶಿಲ್ಪ ಅನಾವರಣಗೊಂಡದ್ದು 1895ರಲ್ಲಿ, ರೋದ್ಯಾನ ಇಷ್ಟಕ್ಕೆ ವಿರುದ್ಧವಾಗಿ ಪೀಠದ ಮೇಲೆ, ಸುತ್ತ ಕಂಬಿಬೇಲಿ ಹಾಕಿ. ದಾರಿಹೋಕರ ನಡುವೆ, ನೆಲದ ಮಟ್ಟದಲ್ಲಿ ಇರಬೇಕೆಂಬ ಅವನ ಮಾತು ನಡೆದದ್ದು 1917ರಲ್ಲಿ ಅವನು ತೀರಿಕೊಂಡ ಮೇಲೆ. ಲಂಡನ್ನಿನ ಪ್ರತಿಯನ್ನು 1911ರಲ್ಲಿ ಕೊಂಡರು. ಅದೂ ಮೊದಲು ಎತ್ತರದ ಪೀಠ ಏರಿ, ಆಮೇಲೆ ಕೆಳಗಿಳಿಯಿತು. ಒಟ್ಟು ಹನ್ನೆರಡು ಮೂಲಪ್ರತಿಗಳಿಗಷ್ಟೇ ಫ್ರೆಂಚ್ ಕಾನೂನಿನ ಅನುಮತಿ. ಕೊನೆಯದನ್ನು 1995ರಲ್ಲಿ ದಕ್ಷಿಣ ಕೊರಿಯಾದ ಸೋಲ್ ನಗರಕ್ಕಾಗಿ ಹೊಯ್ದರು. ಶಿಲ್ಪಿ ಸತ್ತು ಎಪ್ಪತ್ತು ವರ್ಷ ದಾಟಿದ ಮೇಲೆ ಹೊಯ್ದದ್ದು ಮೂಲ ಹೇಗಾದೀತು ಎಂದು ಕೇಳುವವರಿದ್ದಾರೆ. ಎರಕದ ಕೆಲಸವನ್ನೆಲ್ಲ ಅವನ ಕಾಲದಲ್ಲೂ ಬೇರೆಯವರೇ ಮಾಡುತ್ತಿದ್ದರಲ್ಲ, ನಮಗೆ ಅದು ಅಷ್ಟು ದೊಡ್ಡ ತಕರಾರು ಅನ್ನಿಸುವುದಿಲ್ಲ.

ನೋಡುವಾಗ ಬೀಗದಕೈ ಹಿಡಿದ ಜಾನ್ ದೇರ್‌ನಿಂದ ಶುರುಮಾಡಿ, ಎರಡೂ ಕೈಯಲ್ಲಿ ತಲೆ ಹಿಡಿದುಕೊಂಡವನ ತನಕ ಸುತ್ತಿ ಬನ್ನಿ. ಹಸಿರು ಪಟ್ಟೆಗಳೆಲ್ಲ ಶಿಲ್ಪಿಯ ಬಣ್ಣ ಎಂದುಕೊಳ್ಳಬೇಡಿ. ಫೌಂಡ್ರಿಯಲ್ಲಿ ಬಿಸಿ ಕಂಚಿನ ಮೇಲೆ ರಾಸಾಯನಿಕ ಹಚ್ಚಿ ಬಣ್ಣ ತರುತ್ತಾರೆ: ಪೊಟ್ಯಾಸಿಯಂ ಸಲ್ಫೈಡಿನಿಂದ ಕಪ್ಪುಗಂದು, ಫೆರಿಕ್ ನೈಟ್ರೇಟಿನಿಂದ ಕೆಂಗಂದು, ತಾಮ್ರದ ನೈಟ್ರೇಟಿನಿಂದ ಹಸಿರು. ಬಯಲಿನಲ್ಲಿ ಮಳೆ, ಹೊಗೆಯ ಗಂಧಕ ಸೇರಿ ಕಿಲುಬು ಏರುತ್ತದೆ. ಅದಕ್ಕೇ ವರ್ಷಕ್ಕೊಮ್ಮೆ ತೊಳೆದು ಮೇಣ ಹಚ್ಚಬೇಕು. ಮಳೆ ತಾಗದ ರೋದ್ಯಾ ಬೇಕಿದ್ದರೆ ಸೌತ್ ಕೆನ್ಸಿಂಗ್ಟನ್ನಿನ ವಿಕ್ಟೋರಿಯಾ ಅಂಡ್ ಆಲ್ಬರ್ಟ್ ಮ್ಯೂಸಿಯಂ ಇದೆ. ಮೊದಲ ಮಹಾಯುದ್ಧದಲ್ಲಿ ಫ್ರೆಂಚರ ಜೊತೆ ಹೋರಾಡುತ್ತಿದ್ದ ಬ್ರಿಟಿಷ್ ಸೈನಿಕರ ಗೌರವಾರ್ಥ 1914ರಲ್ಲಿ ಅವನು ತನ್ನ 18 ಕೃತಿಗಳನ್ನು ಅದಕ್ಕೆ ಕೊಟ್ಟ. ಅಪವಾದ ಹೊತ್ತ ‘ಕಂಚಿನ ಯುಗ’ದ ಪ್ರತಿಯೂ ಅವುಗಳಲ್ಲಿದೆ. ಪ್ರವೇಶ ಉಚಿತ.